ದಸ್ತಗೀರ ಕಾಕಾನ ಕಂಬದ ಟೆಂಡರ

ಇವತ್ತ ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ತಗೊಂಡೆ ನೋಡ್ರಿ, ಸುತ್ತಿಕೊಟ್ಟ ಪೇಪರಿನ್ಯಾಗ ಟೆಂಡರ ನೋಟೀಸು! ಹಳ್ಳಿಗೆ ಕರೆಂಟ ಎಳಿಯಾಕ ಕಂಬಾ ನಿಂದ್ರಸೋರು ಬೇಕಂತ. ಎಣ್ಣಿ ಹತ್ತಿ ಅರ್ಧಾ ಅಕ್ಷರ ಅಳಿಸಿದ್ವು, ಆದ್ರೂ ಪೂರಾ ಓದಿದೆ. ಸರಕಾರಿ ಗುತ್ತಿಗಿ ಹ್ಯಾಂಗ ಹಿಡೀಬೇಕು ಅನ್ನೂದರಾಗ ನಾ ಪಂಡಿತ ಅದೀನ್ರಿ. ಇನ್ನೂ ಒಂದೂ ಹಿಡದಿಲ್ಲ, ಅದು ಬ್ಯಾರೆ ಮಾತು.

ಐದಾರು ವರ್ಷದ ಹಿಂದ ಸಿಂದಗಿಯಿಂದ ಮೋರಟಗಿ ತನಕ ಕಂಬಾ ಹಾಕೂದಿತ್ತು. ನಮ್ಮ ಓಣಿ ದಸ್ತಗೀರ ಕಾಕಾ ಸಂತ್ಯಾಗ ಎತ್ತಿನ ದಲಾಲಿ ಮಾಡಾಂವ, ಬ್ಯಾಸಗ್ಯಾಗ ಇಪ್ಪತ್ತ ಮಂದಿ ಕಟಗೊಂಡು ಬಾವಿ ತೋಡಸಾಂವ. ಆ ವರ್ಷ ಬಾವಿ ಕೆಲಸಾ ಇರಲಿಲ್ಲ. ಗ್ಯಾಂಗಿನವ್ರು ಸೊಲ್ಲಾಪುರ ಗಿರಣಿಗೆ ಹೋಗಾಕ ಗಂಟು ಕಟ್ಟಿದ್ರು. ಕಂಬದ ಗುತ್ತಿಗಿ ಸಿಕ್ಕರ ಉಳೀತಾರ, ಇಲ್ಲಂದ್ರ ಇಲ್ಲ.

"ಈ ಕರೀ ಎರಿ ನೆಲಾ ಬ್ಯಾಸಗ್ಯಾಗ ಬಾಯಿ ಬಿಡತೈತಿ ತಮ್ಮಾ. ಕೆಳಗ ಗಟ್ಟಿ ಗರಸು ಹತ್ತೂತನಕಾ ತೋಡಬೇಕು, ಇಲ್ಲಂದ್ರ ಕಂಬಾ ಕುಡದವರಂಗ ವಾಲತಾವ," ಅಂತಿದ್ದ ಕಾಕಾ. ನೆಲಾ ಅವಗ ಗೊತ್ತಿತ್ತು. ಕಾಗದಕ್ಕ ನಾ ಇದ್ನಲ್ರಿ! ಹಳೇ ಪುಸ್ತಕ ಓದಿ ಕರೆಂಟಿನ ವಿದ್ಯಾ ನಾನ ಕಲತಾಂವ. ಮನ್ಯಾಗ ಕಂದೀಲು ಹಚಗೊಂಡು ಕರೆಂಟಿನ ಭಾಷಣಾ ಬಿಗಿಯಾಂವ. ಫಾರ್ಮು ನಾನ ತುಂಬಿದೆ.

ದರಾ ಬರಿಯೋ ಜಾಗಾಕ್ಕ ಬಂದಕೂಡ್ಲೆ ಕಾಕಾ ಕೈ ಹಿಡದ. "ಅದನ್ನ ಬರೀಬ್ಯಾಡೋ ಹುಚ್ಚಪ್ಪಾ! ದರಾ ಯಾರರ ಬಯಲಿಗೆ ಇಡತಾರೇನು? ನಾನ ಸಾಹೇಬ್ರಿಗೆ ಹೇಳ್ತೇನಿ."

ದೊಡ್ಡ ವ್ಯವಹಾರ ಹಿಂಗ ಇರತೈತೇನೋ ಅಂದ್ಕೊಂಡೆ. ಕೇಳಿದ್ರ ನನಗ ಗೊತ್ತಿಲ್ಲ ಅನ್ನೂದು ಬಯಲಾಗತಿತ್ತಲ್ಲ! ಜಾಗಾ ಖಾಲಿ ಬಿಟ್ಟು ಲಕೋಟಿಗೆ ಅರಗಿನ ಮುದ್ರಿ ಒತ್ತಿದೆ. ಮುದ್ರಿ ಮಾತ್ರ ಭಾಳ ಚಂದ ಮೂಡಿತ್ರಿ.

ಟೆಂಡರ ಒಡಿಯೋ ದಿನಾ ಕರೆಂಟ ಕಚೇರಿ ಸಾಹೇಬ್ರು ಕಾಗದಾ ತಿರುವಿ ಮುರುವಿ ನೋಡಿದ್ರು. "ದರಾ ಎಲ್ಲೈತ್ರಿ?"

ಕಾಕಾ ಎದ್ದು ಹೋಗಿ, ಹೆಗಲ ಮ್ಯಾಲಿನ ಟಾವೆಲ್ ಅವರ ಕೈಮ್ಯಾಲ ಹೊಚ್ಚಿ, ತನ್ನ ಕೈ ಕೆಳಗ ತೂರಿಸಿ ಬೆರಳ ಹಿಚುಕಿದ. ಎತ್ತಿನ ಸಂತ್ಯಾಗ ದರಾ ಹೇಳೂದ ಹಂಗ. ಬಾಯಿಲೆ ಅನ್ನಂಗಿಲ್ಲ.

"ಏ, ಏನ್ ಮಾಡಾಕತ್ತೀರಿ! ಕೈ ಬಿಡ್ರಿ!"

"ಹೆಚ್ಚಾತೇನ್ರಿ ಸಾಹೇಬ್ರ? ತಗೋರಿ, ಒಂದ ಬೆರಳ ಬಿಟ್ಟೆ."

ಕಚೇರಿ ತುಂಬ ನಗಿ. ಎಲ್ಲಾರಕಿಂತ ಜೋರ ನಕ್ಕಾಂವ ನಾನು. ನಾ ಇಂವನ ಸಂಗಾಟ ಬಂದಾಂವ ಅಲ್ಲ ಅಂತ ತೋರಸಬೇಕಾಗಿತ್ತು.

ಗುತ್ತಿಗಿ ಒಬ್ಬ ಇಸ್ತ್ರಿ ಅಂಗಿಯವಗ ಹೋತು. ಗುದ್ದಲಿ ಯಾವ ಕಡಿಂದ ಹಿಡೀಬೇಕು ಅಂತ ಗೊತ್ತಿರಲಿಲ್ಲ ಪಾಪ, ಆದ್ರ ಫಾರ್ಮಿನ್ಯಾಗ ಒಂದೂ ಜಾಗಾ ಖಾಲಿ ಬಿಟ್ಟಿರಲಿಲ್ಲ. ಸರಕಾರಕ್ಕ ಮತ್ತೇನ ಬೇಕ್ರಿ? ಎರಡ ಮಳಿಗಾಲದಾಗ ಅರ್ಧಾ ಕಂಬಾ ವಾಲಿದ್ವು.

ಗ್ಯಾಂಗಿನವ್ರು ಮರದಿನಾನ ಸೊಲ್ಲಾಪುರ ಬಸ್ ಹತ್ತಿದ್ರು. ಅವ್ರನ್ನ ಕಳಿಸಿ ಬಂದ ಕಾಕಾ ಅಂದ: "ನೀ ಚಂದ ಬರದಿದ್ದಿ ತಮ್ಮಾ. ತಪ್ಪು ನಂದ."

"ಹೌದು ಕಾಕಾ," ಅಂದೆ ನಾನು.

ಆಮ್ಯಾಲ ಈ ಕತಿ ಎಷ್ಟ ಹೋಟೆಲಿನ್ಯಾಗ ಹೇಳಿ ಚಾ ಗಿಟ್ಟಿಸೇನೋ ಲೆಕ್ಕಿಲ್ಲ. ಇವತ್ತೂ ಮಿರ್ಚಿಯಾಂವ ಕಡಾಯಿ ಮುಂದ ನಿಂತು, "ಆ ಟಾವೆಲ್ ಕತಿ ಒಮ್ಮಿ ಹೇಳ್ರಿ!" ಅಂದ. ಬಾಯಿ ತಗದೆ, ಕೈಯಾಗಿನ ಟೆಂಡರ ಪೇಪರ ನೋಡಿ ಯಾಕೋ ನಗಿ ಬರಲಿಲ್ಲ.

"ದರಾ ಬರೀಬೇಕೋ ಬ್ಯಾಡೋ ಅನ್ನೂದ ಗೊತ್ತಿಲ್ದ ಜಾಗಾ ಖಾಲಿ ಬಿಟ್ಟು ಮುದ್ರಿ ಒತ್ತಿದಾಂವ ನಾನು. ತಪ್ಪು ನಂದ," ಅಂದೆ.

ಅಂವ ಮಿರ್ಚಿ ಎತ್ತೋ ಝಾರಿ ಕೆಳಗಿಟ್ಟ. "ಕಾಕಾಗ ಇದನ್ನ ಹೇಳೀರೇನು?"

ಕಾಕಾನ ಮನಿ ಇಲ್ಲಿಂದ ಎರಡ ಓಣಿ ಆಚೆ. ಇಷ್ಟ ವರ್ಷ ಹೇಳಾಕ ಆಗಿಲ್ಲ. ಈಗ ಹೊಂಟೇನ್ರಿ.