ಕ್ರಿಸ್‌ಮಸ್ ಹಂದಿಗೆ ಒಂದು ಹೆಸರು

ಭಾನುವಾರ ಪೂಜೆ ಮುಗಿದ ಮೇಲೆ ವಿರಾಜಪೇಟೆಯ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಸೃಷ್ಟಿಯ ಕಥೆ ಶುರುವಾದರೆ ಸಾಕು, ಹಾವು ಯಾವಾಗ ಬರುತ್ತದೆ ಎಂದು ಕಾಯುತ್ತಾ ಕೂರುತ್ತವೆ. ನನಗೋ ಹಾವಿಗಿಂತ ಮುಂಚಿನ ಒಂದು ಸಣ್ಣ ಸಂಗತಿಯ ಮೇಲೆ ಕಣ್ಣು. ದೇವರು ಪ್ರಾಣಿಗಳನ್ನೆಲ್ಲ ಮನುಷ್ಯನ ಮುಂದೆ ತಂದು ನಿಲ್ಲಿಸುತ್ತಾರೆ, ಅವನು ಒಂದೊಂದಕ್ಕೂ ಹೆಸರಿಡುತ್ತಾನೆ. ಅಲ್ಲಿಗೆ ಬಂದಾಗಲೆಲ್ಲ ನಮ್ಮ ಹಂದಿಗೂಡಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಏನು ಮಾಡಲಿ, ನನಗೆ ಗೊತ್ತಿರುವ ಏದೆನ್ ತೋಟ ಅದೇ.

ಅಪ್ಪ ಗೋಣಿಕೊಪ್ಪಲಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲೇ ಒಂದು ಹಂದಿಮರಿ ತರುತ್ತಿದ್ದರು. ಅದನ್ನು ಕಡಿಯುವುದು ಕ್ರಿಸ್‌ಮಸ್‌ನ ಹಿಂದಿನ ದಿನ. ನಮ್ಮಲ್ಲಿ ನಾಯಿಗೆ ಹೆಸರಿತ್ತು, ಹಸುವಿಗೆ ಹೆಸರಿತ್ತು, ಹಂದಿಗೆ ಮಾತ್ರ ಇಡುವಂತಿರಲಿಲ್ಲ. ಯಾಕೆಂದು ಯಾರೂ ಹೇಳಿರಲಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಧರ್ಮೋಪದೇಶದ ಸಿಸ್ಟರ್ ಬಾಯಲ್ಲಿ ಈ ಕಥೆ ಕೇಳಿದೆ. ಮನೆಗೆ ಬಂದವಳೇ ಗೂಡಿನ ಮುಂದೆ ನಿಂತು ಹಂದಿಗೆ ಹೆಸರಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯಲಾರೆ.

ಅಮ್ಮ ತಲೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ತಿ, ತಿನ್ನೋ ಹಂದಿಗೆ ಯಾರಾದ್ರೂ ಹೆಸರಿಡ್ತಾರಾ? ಕಡಿಯುವಾಗ ನೀನೇ ಅಳ್ತೀಯ, ನೋಡ್ತಿರು!"

"ಬೈಬಲ್‌ನಲ್ಲಿ ಎಲ್ಲದಕ್ಕೂ ಇಟ್ಟಿದ್ದಾರೆ," ಎಂದು ನಾನು ಜಗ್ಗಲಿಲ್ಲ.

ಅಪ್ಪ ನಕ್ಕುಬಿಟ್ಟರು. "ಇರ್ಲಿ ಬಿಡೇ, ಕರೆದ್ರೆ ಬರ್ತದಲ್ಲ, ನಮಗೂ ಸುಲಭ." ಸಂಜೆ ತೋಟದಿಂದ ಬಂದು ಮುಸುರೆ ಬಕೆಟ್ ಹಿಡಿದು ಅವರೂ ಅದೇ ಹೆಸರು ಕೂಗತೊಡಗಿದರು. ಅದು ಗುಟುರು ಹಾಕುತ್ತಾ ಓಡಿಬರುತ್ತಿತ್ತು. ಎಷ್ಟು ಚೆನ್ನಾಗಿದ್ದವು ಆ ಸಂಜೆಗಳು!

ಡಿಸೆಂಬರ್ ಬಂತು. ಅದನ್ನು ಕಡಿದರೆ ಹಬ್ಬದ ಪೂಜೆಗೆ ಬರುವುದಿಲ್ಲ ಎಂದು ಹಟ ಹಿಡಿದೆ. ಯಾರು ಕೇಳುತ್ತಾರೆ? ಕ್ರಿಸ್‌ಮಸ್‌ನ ಹಿಂದಿನ ಬೆಳಿಗ್ಗೆ ಕಡಿಯುವವನು ಕತ್ತಿ ಮಸೆಯುತ್ತಾ ಕೂತ. ಅಪ್ಪ ಗೂಡಿನ ಬಾಗಿಲು ತೆಗೆದು, ರೂಢಿಯಂತೆ ಹೆಸರು ಹಿಡಿದು ಕರೆದರು. ಅದು ನೆಟ್ಟಗೆ ಬಂದು ಅವರ ಕಾಲಿಗೆ ಮೂತಿ ಉಜ್ಜಿತು. ಅಪ್ಪ ಅದನ್ನು ಮತ್ತೆ ಒಳಗೆ ದಬ್ಬಿ, ಬಾಗಿಲು ಹಾಕಿ ಬಂದರು. "ನನ್ನ ಕೈಲಿ ಆಗೂದಿಲ್ಲ."

"ನಾಳೆ ಇಪ್ಪತ್ತು ಜನ ಊಟಕ್ಕೆ ಬರ್ತಾರೆ, ಅವರಿಗೆ ಬಟಾಣಿ ಬಡಿಸ್ಲಾ?" ಎಂದು ಅಮ್ಮ ರೇಗಿದರು. ಅಪ್ಪ ಎಸ್ಟೇಟಿನ ಜೀಪು ಹತ್ತಿ ಹೋದರು.

ಹೆಸರಿಟ್ಟರೆ ಅದು ನಮ್ಮದಾಗುತ್ತದೆ ಎಂದುಕೊಂಡಿದ್ದೆ. ನಾವೂ ಅದರವರಾಗುತ್ತೇವೆ ಎಂದು ಅಪ್ಪನ ಮುಖ ನೋಡಿ ತಿಳಿಯಿತು. ಈಗ ನಮ್ಮ ತುಂಡು ತೋಟದ ಕಾಫಿ ಹಣ್ಣಿನ ಪಿಕಿಂಗಿಗೆ ಅಸ್ಸಾಮಿನಿಂದ ಬರುವವರ ಹೆಸರನ್ನು ಮೊದಲ ದಿನವೇ ಕೇಳಿಕೊಳ್ಳುತ್ತೇನೆ. ಹೆಸರು ಗೊತ್ತಾದ ಮೇಲೆ ಬಾಯಿಗೆ ಬಂದಂತೆ ಗದರಲು ಆಗುವುದಿಲ್ಲ. ನನ್ನಂಥ ಸಿಡುಕಿಗೆ ಅದು ಬೇಕು.

ಮಧ್ಯಾಹ್ನ ಅಪ್ಪ ಯಾರದೋ ಮನೆಯಲ್ಲಿ ಕಡಿದ ಹಂದಿಯ ಮಾಂಸ ತಂದರು. ಮರುದಿನ ಕಾಚಂಪುಳಿಯ ಹುಳಿ ಹಿಡಿದ ಕಪ್ಪು ಸಾರು ಮನೆಯೆಲ್ಲ ಘಮಘಮಿಸಿತು. ನನ್ನ ಹಂದಿ ಗೂಡಿನಲ್ಲಿ ಸುಖವಾಗಿತ್ತು. ಗೆದ್ದ ಖುಷಿಯಲ್ಲಿ ಎರಡು ಸಲ ಹಾಕಿಸಿಕೊಂಡು ತಿಂದೆ. ಅಪ್ಪನ ತಟ್ಟೆಯಲ್ಲಿ ಬರೀ ಕಡುಬು.

"ಅಪ್ಪ, ನೀವ್ಯಾಕೆ ತಿನ್ತಿಲ್ಲ? ಇದು ನಮ್ಮದಲ್ಲ ಅಲ್ವಾ?"

"ಅಲ್ಲ ಮಗಳೇ," ಎಂದರು ಅಪ್ಪ. "ತರೋಕೆ ಹೋದಾಗ ಆ ಮನೆಯ ಜಗಲೀಲಿ ನಿನ್ನಷ್ಟೇ ದೊಡ್ಡ ಹುಡುಗಿ ಒಬ್ಬಳು ಅಳ್ತಾ ಕೂತಿದ್ಳು."

ನನ್ನ ಬಾಯಲ್ಲಿ ತುತ್ತಿತ್ತು.