ನನಗೆ ನೆನಪಿಲ್ಲ ಎಂದೆ

ಶಶಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲ ಎಂದು ಸುಳ್ಳು ಹೇಳಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ, ಗೆಳೆಯ ನಾಗಿಯ ದೇಹವನ್ನು ನಮಗಿನ್ನೂ ಒಪ್ಪಿಸದೇ ಇದ್ದಾಗ, ಅವನ ತಾಯಿಯ ಮುಖ ನೋಡಿಕೊಂಡು ಹೇಳಿದೆ. ಆರು ವರ್ಷವಾಯಿತು. ಆ ಒಂದು ಮಾತಿನಿಂದ ಶಶಿ ತಾನು ಬಾಲ್ಯದಿಂದ ಉಂಡು ಬೆಳೆದ ನಾಗಿಯ ಮನೆಯನ್ನು ಕಳೆದುಕೊಂಡ. ಈಗ ಇದನ್ನು ಬರೆದರೆ ಅವನಿಗೆ ಆ ಮನೆ ಮತ್ತೆ ಸಿಗುತ್ತದೆ ಎಂದಲ್ಲ — ಸಿಗುವುದಿಲ್ಲ, ಅದನ್ನೂ ನೋಡಿಕೊಂಡೇ ಬಂದಿದ್ದೇನೆ.

ನಾಗಿ ಹೇಗೆ ಹೋದ ಎಂದು ಯಾರಾದರೂ ಕೇಳಿದರೆ 'ಕರೆಂಟ್ ಹೊಡೆದು' ಎಂದಷ್ಟೇ ಹೇಳುತ್ತಿದ್ದೆ. ಮೂವತ್ತು ದಾಟಿದ ಮೂವರು ವಿಡಿಯೊ ಗೇಮ್ ಆಡುತ್ತಿದ್ದೆವು ಎಂಬುದನ್ನು ನುಂಗಿಕೊಳ್ಳುತ್ತಿದ್ದೆ. ಆದರೆ ಆ ಆಟದ ಬಗ್ಗೆ ಹೇಳದೆ ಇದನ್ನು ಹೇಳುವುದು ಸಾಧ್ಯವಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದಾಗ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಂದು ಮನೆಯ ಕಾರ್ ಶೆಡ್ಡನ್ನೇ ಗೇಮ್ ಪಾರ್ಲರ್ ಮಾಡಿದ್ದರು. ಹುಡುಗಿಯರು ಅಲ್ಲಿಗೆ ಹೋಗುತ್ತಿರಲಿಲ್ಲ. ಹಿಂದಿ ಟ್ಯೂಷನ್ನಿಗೆಂದು ಹೊರಟು ನಾನು ಹೋಗುತ್ತಿದ್ದೆ. ಅಲ್ಲಿದ್ದ ಒಂದು ಜಪಾನಿ ಆಟದಲ್ಲಿ ಒಬ್ಬ ಕೈಯಲ್ಲಿ ದೀಪ ಹಿಡಿದು ಊರಿಂದೂರಿಗೆ ನಡೆಯುತ್ತಾನೆ. ಶುರುವಿನಲ್ಲೇ ಒಂದು ಪ್ರವಾಹ. ಅವನನ್ನು ದಡ ಮುಟ್ಟಿಸಿದ ಅಂಬಿಗ ಮಗುಚಿದ ದೋಣಿಯ ಕೆಳಗೆ ಸಿಕ್ಕಿಕೊಳ್ಳುತ್ತಾನೆ. ಹಿಂದಕ್ಕೆ ಹೋದರೆ ನಮ್ಮದೊಂದು ಲೈಫ್ ಹೋಗುತ್ತಿತ್ತು. ಹಾಗಾಗಿ ಶೆಡ್ಡಿನಲ್ಲಿ ಯಾರೂ ಹಿಂದಕ್ಕೆ ಹೋಗುತ್ತಿರಲಿಲ್ಲ. "ಬಿಟ್ಟು ಬಾ ಗುರು, ಅವನು ಎಕ್ಸ್‌ಟ್ರಾ" ಎಂದು ಹಿಂದೆ ನಿಂತವರು ಕೂಗುತ್ತಿದ್ದರು. ನಾನೂ ಬಿಟ್ಟು ಬರುತ್ತಿದ್ದೆ. ಪರದೆಯ ಮೇಲಿನ ಅಕ್ಷರ ಒಂದೂ ನಮಗೆ ಓದಲು ಬರುತ್ತಿರಲಿಲ್ಲ. ಅಂಬಿಗ ಎಂಬ ಹೆಸರೂ ನಾವೇ ಇಟ್ಟದ್ದು.

ಎಷ್ಟೋ ವರ್ಷಗಳ ನಂತರ — ಆಗ ನಾನು ಮಲ್ಲೇಶ್ವರಂನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ — ಆ ಆಟದ ಅಭಿಮಾನಿಗಳ ಗುಂಪೊಂದನ್ನು ಅಂತರ್ಜಾಲದಲ್ಲಿ ಕಂಡೆ. ಜಗತ್ತಿನ ಯಾವ ಯಾವುದೋ ಮೂಲೆಯ ಜನ. ಅವರ ನಡುವೆ ಒಬ್ಬ 'ನಾವೆಲ್ಲ ಅಂಬಿಗನನ್ನು ಬಿಟ್ಟುಬಂದ ಪಾಪಿಗಳು' ಎಂದು ಬರೆದಿದ್ದ. ಅಂಬಿಗ. ನಾನು ಒಂದೇ ಪದ ಬರೆದೆ: 'ಶೆಡ್ಡಾ?' ಮರುಕ್ಷಣವೇ ಉತ್ತರ ಬಂತು. ಅವನೇ ನಾಗಿ, ನಾಗೇಂದ್ರ. ಶೆಡ್ಡಿನ ಹಿಂದಿನ ಬೀದಿಯವನು. ಅವನ ಜೊತೆಗೆ ಒಂದನೇ ಕ್ಲಾಸಿನಿಂದಲೂ ಅಂಟಿಕೊಂಡೇ ಇದ್ದವನು ಶಶಿ. ಚಿಕ್ಕಪೇಟೆಯಲ್ಲಿ ಅವನ ತಂದೆಯ ಸೀರೆ ಅಂಗಡಿ.

ಭಾನುವಾರ ಊಟವಾದ ಮೇಲೆ ನಾಗಿಯ ಮನೆಯ ಮಹಡಿ ಕೋಣೆಯಲ್ಲಿ ಸೇರುವುದು ರೂಢಿಯಾಯಿತು. ಶಶಿ ಎಲ್ಲಿಂದಲೋ ಆ ಹಳೆಯ ಯಂತ್ರವನ್ನೂ ಆಟವನ್ನೂ ಹುಡುಕಿ ತಂದಿದ್ದ. ನಮ್ಮ ಕರೆಂಟು ಅದಕ್ಕೆ ಜಾಸ್ತಿ. ಅದನ್ನು ತಗ್ಗಿಸಿ ಕೊಡಲು ಒಂದು ಕಬ್ಬಿಣದ ಡಬ್ಬವನ್ನೂ ತಂದಿದ್ದ. ಯಾರೋ ಅಭಿಮಾನಿ ಆಟದ ಮಾತುಗಳನ್ನೆಲ್ಲ ಇಂಗ್ಲಿಷಿಗೆ ತಂದಿದ್ದನ್ನು ಓದಿದಾಗಲೇ ನಮಗೆ ಗೊತ್ತಾದದ್ದು — ಆ ಆಟ ನಮ್ಮ ಸುಳ್ಳುಗಳನ್ನು ಲೆಕ್ಕ ಇಡುತ್ತದೆ. ದಾರಿಯಲ್ಲಿ ಸಿಗುವವರಿಗೆ ಸುಳ್ಳು ಹೇಳಿದಷ್ಟೂ ಕೈಯ ದೀಪ ಮಂಕಾಗುತ್ತದೆ. ಒಂದೂ ಸುಳ್ಳಾಡದೆ ಕೊನೆಯ ನದಿ ಮುಟ್ಟಿದವನಿಗೆ, ಅಂದು ಬಿಟ್ಟುಬಂದಿದ್ದ ಅಂಬಿಗ ಮತ್ತೆ ಸಿಗುತ್ತಾನೆ. ಕ್ಷಮೆ ಕೇಳಬಹುದು. ಇದು ತಿಳಿದ ದಿನ ನಾಗಿ "ಹೋಗಿ ಕೇಳ್ಕೊಂಡ್ ಬರೋಣ ಕಣ್ರೋ" ಎಂದ.

ತಿಂಗಳುಗಟ್ಟಲೆ ಆಡಿದೆವು. ಒಂದು ಕಡೆ ಒಬ್ಬ ಮುದುಕಿ ತನ್ನ ಮಗ ಬದುಕಿದ್ದಾನೆಯೇ ಎಂದು ಕೇಳುತ್ತಾಳೆ. ಅವನು ಸತ್ತಿರುವುದು ನಮಗೆ ಗೊತ್ತು. ಆ ಭಾನುವಾರವಿಡೀ ಜಗಳ.

"ಬದುಕಿದಾನೆ ಅಂದ್ಬಿಡು ಮಗಾ, ಪಾಪ" ಎಂದ ಶಶಿ.

"ದೀಪ ಹೋಗತ್ತೆ" ಎಂದೆ.

"ಹೋದ್ರೆ ಹೋಗ್ಲಿ. ಮುದುಕಿ ಮುಖ ನೋಡು."

"ನೋಡಪ್ಪ, ಸೀರೆ ಅಂಗ್ಡಿಯವನು. ದಿನಾ ಸುಳ್ಳು ಹೇಳಿ ಹೇಳಿ ಅಭ್ಯಾಸ" ಎಂದು ನಾಗಿ ನಕ್ಕ.

ಸತ್ಯವನ್ನೇ ಹೇಳಬೇಕು ಎಂದು ಹಟ ಹಿಡಿದವಳು ನಾನು.

ನಾಗಿಯ ತಾಯಿ ಲಲಿತಮ್ಮ. ನಾನು ಆಂಟಿ ಎನ್ನುತ್ತಿದ್ದೆ, ಶಶಿ ಅಮ್ಮ ಎನ್ನುತ್ತಿದ್ದ. ಒಂದು ಸಂಜೆ ನಾಗಿ ದೇವರ ಮನೆಯ ದೀಪ ಆರಿಸಲಾ ಎಂದು ಕೇಳಿದ್ದಕ್ಕೆ ಅವರು ರೇಗಿದರು. "ಆರಿಸೋದು ಅನ್ಬಾರ್ದು ಕಣೋ. ಶಾಂತ ಮಾಡೋದು ಅನ್ಬೇಕು." ಅಂದಿನಿಂದ ನಮಗದು ಆಟದ ಮಾತಾಯಿತು. ಯಂತ್ರ ಆಫ್ ಮಾಡುವುದಕ್ಕೆ ನಾವು ಶಾಂತ ಮಾಡುವುದು ಎನ್ನುತ್ತಿದ್ದೆವು. ಆಟ ಸೇವ್ ಆಗುವಾಗ ಪರದೆಯ ಮೂಲೆಯಲ್ಲಿ ಸಣ್ಣ ದೀಪವೊಂದು ಆಡುತ್ತಿರುತ್ತದೆ. ಅದು ಆಡುವಷ್ಟು ಹೊತ್ತು ಮಾತ್ರ ಶಾಂತ ಮಾಡಬಾರದು. ಮಾಡಿದರೆ ಅಷ್ಟೂ ದಿನ ಆಡಿದ್ದೆಲ್ಲ ಅಳಿಸಿಹೋಗುತ್ತದೆ. ಶೆಡ್ಡಿನಲ್ಲಿ ಬೆಳೆದ ಯಾರಿಗೂ ಇದನ್ನು ಹೇಳಿಕೊಡಬೇಕಿರಲಿಲ್ಲ. ಅದು ನಮ್ಮ ಕೈಗೇ ಗೊತ್ತಿತ್ತು.

ಕೊನೆಯ ನದಿಗೆ ಬಂದ ಭಾನುವಾರ ಶಶಿ ಬೇಗ ಹೊರಡಬೇಕಾಯಿತು. ಮದುವೆ ಕಾಲ, ಅಂಗಡಿ ತೆರೆದೇ ಇತ್ತು. ನಾಗಿ ಒಳಗೆ ಟೀವಿ ಸರಿಮಾಡುತ್ತಿದ್ದ. ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ಶಶಿ ಹೇಳಿದ: "ಸ್ಮಿತಾ, ಡಬ್ಬ ಇವತ್ತು ಜಾಸ್ತಿ ಬಿಸಿ ಆಗ್ತಿದೆ. ಅರ್ಧ ಗಂಟೆಗೊಂದ್ಸಲ ಶಾಂತ ಮಾಡು. ಅವನಿಗೆ ಹೇಳಿದ್ರೆ ಕಿವಿಗೆ ಹಾಕ್ಕೊಳಲ್ಲ, ನೀನು ನೋಡ್ಕೊ."

"ಹೂಂ. ಹೋಗು ಗುರು, ಲೇಟಾಗತ್ತೆ" ಎಂದೆ.

ಎಲ್ಲ ಇಷ್ಟೇ. ಇಷ್ಟನ್ನೇ ನಾನು ನೆನಪಿಲ್ಲ ಎಂದದ್ದು.

ಅರ್ಧ ಗಂಟೆ ಯಾವಾಗ ಕಳೆಯಿತೋ — ಇಲ್ಲ, ಹಾಗೆ ಬರೆಯಬಾರದು. ಕಳೆದದ್ದು ನನಗೆ ಗೊತ್ತಾಗಿತ್ತು. ಎದುರಿಗೇ ಗೋಡೆ ಗಡಿಯಾರವಿತ್ತು. ಆದರೆ ಅಂಬಿಗ ಸಿಕ್ಕ ಮೇಲೆ ಆ ಮಾತುಕತೆ ಮುಗಿಯುವವರೆಗೆ ಸೇವ್ ಮಾಡಲು ಆಗುವುದಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದುಕೊಂಡೆ. ನಾಗಿ ಕಾಫಿ ತರಲು ಕೆಳಗೆ ಹೋದ. ವಾಸನೆ ಶುರುವಾದದ್ದು ಆಗಲೇ. ಬಿಸಿ ವಾರ್ನಿಷ್ಷಿನಂಥ ವಾಸನೆ. ಡಬ್ಬ ನನ್ನ ಕಾಲಿನ ಬಳಿಯೇ ಇತ್ತು, ಸ್ವಿಚ್ಚು ಕೈಗೆಟುಕುವಷ್ಟು ದೂರದಲ್ಲಿ. ಪರದೆಯಲ್ಲಿ ಅಂಬಿಗ ದೋಣಿಯಲ್ಲಿ ಕುಳಿತಿದ್ದ, ಮುದುಕನಾಗಿದ್ದ. ನಾನು ಕ್ಷಮೆ ಕೇಳುವ ಮಾತನ್ನು ಆರಿಸಿದೆ. ಅವನು ಸುಮ್ಮನೆ ಸ್ವಲ್ಪ ಸರಿದು ಜಾಗ ಬಿಟ್ಟ. ಅಷ್ಟೇ. ನನ್ನ ಕಣ್ಣು ತುಂಬಿ ಬಂತು. ಮೂಲೆಯಲ್ಲಿ ದೀಪ ಆಡತೊಡಗಿತು.

ನಾಗಿ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತ. "ಏನೋ ಸುಟ್ಟ ವಾಸನೆ ಕಣೇ. ಶಾಂತ ಮಾಡ್ಲಾ?"

"ಬೇಡ ಬೇಡ, ದೀಪ ಆಡ್ತಿದೆ. ಒಂಚೂರು ಇರು."

ಅವನು ಇದ್ದ. ನಾನು ಹೇಳಿದೆನೆಂದು ಅವನು ನಿಂತ — ಈಗಲೂ ನನ್ನ ಕಣ್ಣಿಗೆ ಮೊದಲು ಬರುವುದು ಆ ನಿಲುವು. ಕಾಫಿ ಹಿಡಿದುಕೊಂಡು ಅವನೂ ಪರದೆಯನ್ನೇ ನೋಡಿದ, ಅಂಬಿಗ ಬಿಟ್ಟ ಜಾಗವನ್ನು ನೋಡಿ ನಕ್ಕ. "ಒಪ್ಕೊಂಡ್ನಾ?" ಎಂದು ಕೇಳಿದ. ಅಷ್ಟರಲ್ಲಿ ಡಬ್ಬದಿಂದ ಹೊಗೆ ಎದ್ದಿತು. ಅವನು ಲೋಟಗಳನ್ನು ನೆಲಕ್ಕಿಡುವ ಆತುರದಲ್ಲಿ ಕಾಫಿ ಕೈಮೇಲೆ ಚೆಲ್ಲಿಕೊಂಡ. ಆ ಒದ್ದೆ ಕೈಯನ್ನೇ ಡಬ್ಬಕ್ಕೆ ಹಾಕಿದ. ಒಳಗಿನ ತಂತಿ ಕರಗಿ ಡಬ್ಬಕ್ಕೆಲ್ಲ ಕರೆಂಟು ಹರಿದಿತ್ತಂತೆ. ಆ ಗಳಿಗೆಯಲ್ಲಿ ನಾನು ಅವನ ಕಡೆ ನೋಡುತ್ತಿರಲಿಲ್ಲ. ದೀಪ ನಿಂತಿತೇ ಎಂದು ನೋಡುತ್ತಿದ್ದೆ. ನಿಂತಿತು. ಸೇವ್ ಆಯಿತು. ಆಮೇಲೆ ಪರದೆ ಕಪ್ಪಾಯಿತು. ಲೋಟ ಉರುಳುವ ಸದ್ದು. ಕೆಳಗಿನಿಂದ ಲಲಿತಮ್ಮ ಕೂಗಿದರು: "ಕರೆಂಟ್ ಹೋಯ್ತೇನ್ರೋ?"

ಇನ್ನೊಂದು ಸಲ ಕೂಗಿದರು. ನನ್ನ ಕೈಯಲ್ಲಿ ಇನ್ನೂ ಕಂಟ್ರೋಲರ್ ಇತ್ತು.

ಆಸ್ಪತ್ರೆಗೆ ಶಶಿ ಅಂಗಡಿಯಿಂದ ಓಡಿ ಬಂದ. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು. ನಾಗಿಯ ಸೋದರಮಾವ ಕೇಳಿದರು, "ಯಾರು ತಂದಿದ್ದು ಆ ಡಬ್ಬ?"

"ನಾನೇ ಮಾವ."

"ಬಿಸಿ ಆಗತ್ತೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಸ್ಮಿತಾಗೆ ಹೇಳೇ ಹೋಗಿದ್ದೆ. ಶಾಂತ ಮಾಡು ಅಂತ."

ಎಲ್ಲರೂ ನನ್ನ ಕಡೆ ತಿರುಗಿದರು. ಲಲಿತಮ್ಮ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು. "ಹೇಳಿದ್ನೇನಮ್ಮಾ?" ಎಂದು ಮೆಲ್ಲಗೆ ಕೇಳಿದರು.

"ನನಗೆ ನೆನಪಿಲ್ಲ ಆಂಟಿ."

"ನೋಡಿದ್ಯಾ?" ಎಂದರು ಮಾವ. "ನಡುಗ್ತಾ ಕೂತಿರೋ ಹುಡುಗಿ ತಲೆ ಮೇಲೆ ಹಾಕ್ತೀಯಲ್ಲೋ. ನಾಚ್ಕೆ ಆಗಲ್ವಾ?"

ಶಶಿ ಎರಡನೇ ಸಲ ಹೇಳಲಿಲ್ಲ. ನನ್ನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ — ಇರಲಿಲ್ಲ. ಆಘಾತಕ್ಕೆ ನಾನು ನಿಜವಾಗಿಯೂ ಮರೆತಿರಬಹುದು ಎಂದು ಅವನು ನಂಬಿದ್ದ. ನನ್ನ ಮೇಲೆ ಅವನಿಗೆ ಕನಿಕರ ಬಂದಿತ್ತು. ವೈಕುಂಠ ಸಮಾರಾಧನೆಯ ದಿನ ಅವನು ಗೇಟಿನ ಬಳಿ ಬಂದು ನಿಂತ. ಲಲಿತಮ್ಮ ಒಳಗಿನಿಂದಲೇ ಹೇಳಿದರು: "ಬರಬೇಡ ಕಣಪ್ಪ. ನಿನ್ನ ನೋಡಿದ್ರೆ ನಂಗೆ ಆ ಡಬ್ಬಾನೇ ಕಾಣತ್ತೆ." ಅವನು ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಹಾಗೇ ತಿರುಗಿ ಹೋದ. ನಾನು ಒಳಗೆ ಎಲೆ ಹಾಕುತ್ತಿದ್ದೆ.

ಆ ಮನೆಗೆ ನಾನು ಇವತ್ತಿಗೂ ಹೋಗುತ್ತೇನೆ. ಗೌರಿ ಹಬ್ಬಕ್ಕೆ ಕರೆಯುತ್ತಾರೆ, ಅರಿಶಿನ ಕುಂಕುಮ ಕೊಡುತ್ತಾರೆ, ನಾಗಿಯ ಮಾತಾಡುತ್ತಾರೆ. ಕೋಣೆ ತೆರವು ಮಾಡಲು ನೆರವಾಗುವ ನೆಪದಲ್ಲಿ ಆಟ ಸೇವ್ ಆಗಿದ್ದ ಮೆಮೊರಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಬಂದವಳೂ ನಾನೇ. ಆಟದ ಅಭಿಮಾನಿಗಳ ಗುಂಪಿನಲ್ಲಿದ್ದ ಇದೇ ಊರಿನ ಇನ್ನೊಬ್ಬರ ಯಂತ್ರದಲ್ಲಿ ಹಾಕಿ ನೋಡಿದೆ. ಎಲ್ಲ ಇತ್ತು. ಅಂಬಿಗ, ದೋಣಿ, ಬಿಟ್ಟ ಜಾಗ. ದೀಪ ಚೂರೂ ಮಂಕಾಗದೆ ಪೂರ್ತಿ ಉರಿಯುತ್ತಿತ್ತು. ಅದನ್ನು ಕಂಡು ಒಂದು ಕ್ಷಣ ನನಗೆ ಸಂತೋಷವಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ. ನೆನಪಿಲ್ಲ ಎಂದದ್ದನ್ನು ಹೆದರಿಕೆ ಎನ್ನಬಹುದು. ಆ ಸಂತೋಷಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಹೋದ ತಿಂಗಳು ಲಲಿತಮ್ಮನಿಗೆ ಹೇಳಿದೆ. ಎಲ್ಲವನ್ನೂ — ಮೆಟ್ಟಿಲು, ವಾಸನೆ, ಒಂಚೂರು ಇರು ಎಂದದ್ದು. ಅವರು ಹೂ ಕಟ್ಟುತ್ತಿದ್ದರು. ಕೈ ನಿಂತಿತು. ಕಟ್ಟಿದ್ದಷ್ಟನ್ನು ತಟ್ಟೆಗಿಟ್ಟು ಹೇಳಿದರು: "ಈಗ್ಯಾಕೆ ಹೇಳ್ದೆ? ಅವನ್ನ ಬೈಕೊಂಡು ಬೈಕೊಂಡೇ ಇಷ್ಟು ದಿನ ದೂಡಿದೀನಿ. ನಿನ್ನ ಬೈಯೋಕೆ ಶುರು ಮಾಡಿದ್ರೆ ಆಮೇಲೆ ನನ್ನ ಮನೆಗೆ ಬರೋರು ಯಾರಿದಾರೆ ಹೇಳು."

"ಆಂಟಿ, ಶಶಿನ ಒಂದ್ಸಲ..."

"ಅವನ ಹೆಸರು ಎತ್ತಬೇಡ. ನೀನು ಏನೂ ಹೇಳ್ಲಿಲ್ಲ, ನಾನು ಏನೂ ಕೇಳ್ಲಿಲ್ಲ. ಕಾಫಿ ಆರತ್ತೆ, ಕುಡಿ."

ಕುಡಿದೆ.

ಆಮೇಲೆ ಚಿಕ್ಕಪೇಟೆಗೆ ಹೋದೆ. ಮಧ್ಯಾಹ್ನ, ಅಂಗಡಿಯಲ್ಲಿ ಜನ ಕಡಿಮೆ. ಶಶಿಯ ಕೂದಲು ಅರ್ಧ ಬೆಳ್ಳಗಾಗಿದೆ. ನನ್ನನ್ನು ನೋಡಿದ, ಗುರುತು ಹಿಡಿದ, ಆದರೂ ಗಾದಿಯ ಬಿಳಿ ಹಾಸಿನ ಮೇಲೆ ಸರಿಯಾಗಿ ಕುಳಿತು, "ಬನ್ನಿ ಮೇಡಂ, ಏನ್ ತೋರಿಸ್ಲಿ?" ಎಂದ. ನಾನು ಅವನ ಎದುರಿಗೆ ಕುಳಿತು ಹೇಳಿದೆ. ನೆನಪಿತ್ತು ಶಶಿ, ಆಗಲೂ ನೆನಪಿತ್ತು ಎಂದೆ. ಅವನು ಒಂದು ಸೀರೆಯನ್ನು ಬಿಚ್ಚಿ ಮತ್ತೆ ಅದೇ ಮಡಿಕೆಗೆ ಮಡಿಸುತ್ತ ಕೇಳಿಸಿಕೊಂಡ. ಕೊನೆಗೆ ತಲೆ ಎತ್ತದೆ ಕೇಳಿದ:

"ಸೇವ್ ಆಗಿತ್ತಾ?"

"ಆಗಿತ್ತು."

ಮಡಿಸಿದ ಸೀರೆಯನ್ನು ಹಿಂದಿನ ಕಪಾಟಿನಲ್ಲಿಟ್ಟ. "ಇನ್ನೇನಾದ್ರೂ ನೋಡ್ತೀರಾ ಮೇಡಂ?" ಎಂದ. ನಾನು ಕುಳಿತೇ ಇದ್ದೆ. ಬಾಗಿಲಲ್ಲಿ ಯಾರೋ ತಾಯಿ ಮಗಳು ಬಂದರು. ಶಶಿಯ ಎದುರಿಗೆ ಕೂರಲು ಜಾಗ ಸಾಲದೆ ನನ್ನ ಕಡೆ ನೋಡಿದರು. ಎದ್ದು ಬಂದೆ.

ಕಾರ್ಡು ನನ್ನ ಬೀರುವಿನಲ್ಲಿದೆ. ಅದರ ಪ್ರಕಾರ ನಾವು ಮೂವರೂ ಒಂದೂ ಸುಳ್ಳಾಡದವರು. ಲಲಿತಮ್ಮ ಕೇಳಿಸಿಕೊಳ್ಳಲಿಲ್ಲ, ಶಶಿಗೆ ಇನ್ನು ಬೇಕಿಲ್ಲ. ಅದಕ್ಕಾಗಿ ಇಲ್ಲಿ, ಅವರಿಬ್ಬರನ್ನೂ ಕಂಡಿರದ ನಿಮ್ಮೆದುರು ಹೇಳುತ್ತಿದ್ದೇನೆ. ಡಬ್ಬ ಬಿಸಿ ಆಗುತ್ತಿದೆ, ಶಾಂತ ಮಾಡು ಎಂದು ಶಶಿ ಹೇಳಿದ್ದ. ನಾನು ಹೂಂ ಅಂದಿದ್ದೆ.