ಕಾಕಾ ತಂದ ಸಮುದ್ರದ ಕೂದಲು

ಕಾರವಾರದ ಬಂಡೆಯಿಂದ ಕಿತ್ತ ಹಸಿರು ಜುಟ್ಟನ್ನು ಮೂಗಿಗೆ ಹಿಡಿದಾಗ, ಉಪ್ಪಿನ ವಾಸನೆಯ ಜೊತೆಗೇ ಕೊಲ್ಹಾರದ ನಮ್ಮ ಪಡಸಾಲೆ ಎದ್ದು ಬಂತು. ಕಾಲೇಜಿನ ನನ್ನ ವಿದ್ಯಾರ್ಥಿನಿಯರು ಸುತ್ತ ನಿಂತಿದ್ದರು. ಭೂತಗನ್ನಡಿಯಲ್ಲಿ ತೋರಿಸಿದೆ: ಎಳೆ ಕವಲೊಡೆದಿಲ್ಲ, ಕುದುರೆಬಾಲದಂತೆ ಬಿರುಸು, ಒಂದೊಂದು ಜೀವಕೋಶವೂ ಪೋಣಿಸಿದ ಮಣಿಯಂತೆ ಕಾಣುತ್ತದೆ. "ಇದು ಕೀಟೊಮಾರ್ಫಾ, ಸಮುದ್ರದ ಪಾಚಿ. ಹೊಳೆಯ ಹಾವಸೆಯಲ್ಲ," ಎಂದೆ. ಆ ಮಾತನ್ನು ನಾನು ಹನ್ನೊಂದನೇ ವಯಸ್ಸಿನಲ್ಲಿ ಹೇಳಬೇಕಾಗಿತ್ತು.

ಈಗ ಕೃಷ್ಣೆಯ ಹಿನ್ನೀರಿನಡಿ ಇರುವ ಆ ಮನೆಗೆ, ಎರಡು ವರ್ಷ ಕಾಣೆಯಾಗಿದ್ದ ಅಪ್ಪನ ತಮ್ಮ, ನನ್ನ ಕಾಕಾ, ಒಂದು ದಿನ ಮರಳಿ ಬಂದ. ರತ್ನಾಗಿರಿಯಲ್ಲಿ ಮೀನಿನ ದೋಣಿಯ ಮೇಲೆ ದುಡಿದೆ ಎಂದ. ಜೈಲಿನಲ್ಲಿದ್ದ ಎಂದಿತು ಊರು. ಅಕ್ಕನಿಗೆ ಬಳೆ ತಂದಿದ್ದ. ಬಳೆಯೋ ರಿಬ್ಬನ್ನೋ, ಈಗ ಖಾತ್ರಿಯಿಲ್ಲ; ನನ್ನ ಸಿಟ್ಟು ಮಾತ್ರ ಸ್ಪಷ್ಟವಾಗಿದೆ. ಸಾಲಿ ಕಲಿಯುವವಳೆಂದು ನನಗೆ ಸಿಕ್ಕಿದ್ದು ಪೇಪರಿನಲ್ಲಿ ಒತ್ತಿಟ್ಟ ಒಣ ಹಸಿರು ಜುಟ್ಟು. "ಸಮುದ್ರದ ಕೂದಲವ್ವಾ ಇದು. ನೆಕ್ಕಿ ನೋಡು, ಉಪ್ಪೈತಿ." ಉಪ್ಪಿತ್ತು.

ಕಾಕಾನಿಗೆ ಗೊತ್ತುಮಾಡುತ್ತಿದ್ದ ಯಂಕಂಚಿಯ ಹೆಣ್ಣಿನ ಕಡೆಯವರು ಮನೆ ನೋಡಲು ಬಂದ ದಿನ, ಹುಡುಗಿಯ ಸೋದರಮಾವ ಕೇಳಿಯೇಬಿಟ್ಟ: "ಸಮುದ್ರದಾಗ ದುಡದೇನಿ ಅಂತೀರಿ. ಸಾಕ್ಷಿ ಏನೈತ್ರಿ?"

ಕಾಕಾ ನನ್ನತ್ತ ನೋಡಿ ನಕ್ಕ. "ನಮ್ಮ ಹುಡುಗಿ ಹಂತೇಕ ಐತ್ರಿ. ತಗೊಂಡ್ ಬಾರವ್ವಾ."

ನಾನು ತರಲು ಒಳಗೆ ಹೋದಾಗ ಅಜ್ಜಿ ಅದನ್ನು ತೊಳೆದುಬಿಟ್ಟಳು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಪರವೂರಿನಿಂದ ಬಂದದ್ದನ್ನು ತೊಳೆಯದೆ ಆಕೆ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ನಂಬಿದರು. ಒಮ್ಮೊಮ್ಮೆ ನಾನೂ ನಂಬಿದ್ದೇನೆ. ಆದರೆ ಅಜ್ಜಿ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಹಿತ್ತಲಿನ ಹಂಡೆಯಲ್ಲಿ ಅದ್ದಿ, ಹಿಂಡಿ, ಉಪ್ಪು ಹೋಗುವತನಕ ನೆಕ್ಕಿ ನೆಕ್ಕಿ ನೋಡಿದವಳು ನಾನು.

"ಅಜ್ಜಿ ತೊಳದಾಳ್ರಿ," ಎಂದು ಕೊಟ್ಟೆ.

ಸೋದರಮಾವ ನಾಲಿಗೆಗೆ ಹಚ್ಚಿದ. "ಸಪ್ಪಗೈತಲ್ರಿ! ಸಮುದ್ರದ ಉಪ್ಪು ಒಂದ್ ಸಲ ತೊಳದ್ರ ಹೋಗತೈತೇನು? ನಿಮ್ಮ ಹೊಳಿ ಮೆಟ್ಟಲದಾಗಿನ ಹಾವಸಿ ಇದು." ಬಂದವರೆಲ್ಲ ನಕ್ಕರು.

"ನೀ ಹೇಳವ್ವಾ, ಸಾಲಿ ಕಲ್ತಾಕಿ," ಎಂದ ಅಪ್ಪ.

"ಹಾವಸೀನ ಐತ್ರಿ," ಎಂದೆ.

ಅವರು ಅವಲಕ್ಕಿ ಮುಟ್ಟದೆ ಎದ್ದರು. ಮರುದಿನ ಮನೆ ಬಿಟ್ಟ ಕಾಕಾ ಮತ್ತೆ ಬರಲಿಲ್ಲ. ತಪ್ಪೊಪ್ಪಿಕೊಳ್ಳೋಣವೆಂದರೆ ಈಗ ಕೇಳುವವರು ಯಾರೂ ಉಳಿದಿಲ್ಲ. ಅಂದು ಬಂದವರ ಗಾಡಿ ಹೋದಮೇಲೆ ಕಾಕಾ, ಹಂಡೆಯ ನೀರಿನಿಂದ ತೊಯ್ದ ನನ್ನ ಲಂಗದ ಮುಂಭಾಗವನ್ನು ಬಹಳ ಹೊತ್ತು ನೋಡಿದ್ದ. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

"ಲಂಗಾ ಬದ್ಲಿ ಮಾಡ್ಕೋ ಯವ್ವಾ," ಎಂದ, "ಥಂಡಿ ಆದೀತು."